ಜುಬ್ಬದ ಜೇಬಿನ ನಾಲ್ಕು ಚೀಟಿ

ನುಸಿಗುಳಿಗೆಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೆಯೋ ಗೊತ್ತಿಲ್ಲ, ನನಗಂತೂ ಭಾಷಣವನ್ನು ನೆನಪಿಸುತ್ತದೆ. ಮೊನ್ನೆ ಬೆಳಿಗ್ಗೆ ಬೀರುವಿನ ಬಾಗಿಲು ತೆಗೆದದ್ದೇ ತಡ, ಮೇಲಿನ ಅರೆಯಿಂದ ಹನ್ನೊಂದು ಶಾಲುಗಳು ಒಟ್ಟಿಗೇ ಜಾರಿ ನನ್ನ ತಲೆಯ ಮೇಲೆ ಬಿದ್ದವು. ಸದ್ದು ಕೇಳಿದ ನನ್ನ ಹೆಂಡತಿ ಕಮಲ ಅಡುಗೆಮನೆಯಿಂದಲೇ, "ಸನ್ಮಾನ ಆಯ್ತಾ?" ಎಂದು ಕೇಳಿದಳು. ಆಯಿತು ಎಂದೆ. ಮನೆಯಲ್ಲಿ ನನಗೆ ಆಗಿರುವ ಸನ್ಮಾನ ಇದೊಂದೇ.

ಶಾಲುಗಳ ಕೆಳಗೆ ನನ್ನ ರೇಷ್ಮೆ ಜುಬ್ಬ ಮಲಗಿತ್ತು. ಅದು ಮೈಕಿನ ಮುಂದೆ ನಿಲ್ಲುವ ದಿನ ಮಾತ್ರ ಹೊರಗೆ ಬರುವ ಜುಬ್ಬ. ರೇಷ್ಮೆ ಹಾಳಾದೀತೆಂದು ಕಮಲ ಅದನ್ನು ನೀರಿಗೆ ಹಾಕುವುದಿಲ್ಲ, ಬಿಸಿಲಿಗೆ ಹಿಡಿದು, ಕೊಡವಿ, ಎತ್ತಿಡುತ್ತಾಳೆ. ಹಾಗಾಗಿ ಜೇಬಿಗೆ ಹೋದದ್ದು ಜೇಬಿನಲ್ಲೇ ಉಳಿಯುತ್ತದೆ. ಕೈ ಹಾಕಿದರೆ ನಾಲ್ಕು ಚೀಟಿಗಳು ಬಂದವು. ಮೂರು ಮಡಿಕೆಯನ್ನೇ ಬಿಚ್ಚದವು, ಒಂದು ಬೆವರಿಗೆ ಮಾಸಿದ್ದು. ನಾಲ್ಕರಲ್ಲೂ ಒಂದೇ ಕೈಬರಹ, ಒಂದೇ ಹೆಸರು. ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದ ಕಮಲ, "ಈರಣ್ಣೋರ ಚೀಟಿನಾ?" ಎಂದಳಷ್ಟೆ. ಮತ್ತೆ ತಮಾಷೆ ಮಾಡಲಿಲ್ಲ.

ಈರಣ್ಣ ಯಾರೆಂದು ಹೇಳಬೇಕಾದರೆ ನನ್ನ ಚಟವನ್ನು ಮೊದಲು ಒಪ್ಪಿಕೊಳ್ಳಬೇಕು. ನಾನು ಜಾವಗಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಅರಸೀಕೆರೆಗೆ ಬಂದು ಕೂತರೂ ಮೈಕಿನ ರುಚಿ ನಾಲಿಗೆ ಬಿಟ್ಟಿರಲಿಲ್ಲ. ಸುತ್ತ ಎಲ್ಲೇ ಸನ್ಮಾನವಾದರೂ ಸನ್ಮಾನಪತ್ರ ಬರೆಯುವುದು, ಓದುವುದು, ನಡುನಡುವೆ ಉಸಿರು ಹಿಡಿದು ಚಪ್ಪಾಳೆ ಗಿಟ್ಟಿಸುವುದು ನನ್ನದೇ ಕೆಲಸ. ಸನ್ಮಾನಪತ್ರದ ಗುಟ್ಟೇನೆಂದರೆ, ಅದನ್ನು ಒಂದು ಸಲ ಬರೆದರೆ ಸಾಕು. ಬಿಕ್ಕೋಡಿನ ಹೆಡ್‌ಮೇಷ್ಟ್ರಿಗೆ ಬರೆದದ್ದನ್ನೇ ಹೆಸರು ಬದಲಿಸಿ ಬಾಣಾವರದ ಪೋಸ್ಟ್‌ಮಾಸ್ಟರಿಗೂ, ಹಳೇಬೀಡಿನ ನಾಟಿ ವೈದ್ಯರಿಗೂ ಓದಿದ್ದೇನೆ. ಎಲ್ಲರೂ ಕಣ್ಣೊರೆಸಿಕೊಂಡಿದ್ದಾರೆ. ಯಾರೂ ತಕರಾರು ತೆಗೆದದ್ದಿಲ್ಲ.

ತಕರಾರು ತೆಗೆದವನು ಮಿಲಿಟ್ರಿ ಈರಣ್ಣ ಒಬ್ಬನೇ. ಜಾವಗಲ್ ಹತ್ತಿರ ತೆಂಗಿನ ತೋಟ ಮಾಡಿಕೊಂಡಿರುವ ಎಪ್ಪತ್ತು ದಾಟಿದ ಮನುಷ್ಯ. ಚಿಕ್ಕ ವಯಸ್ಸಿನಲ್ಲಿ ಸೈನ್ಯ ಸೇರಿ, ಯುದ್ಧದ ಕಾಲದಲ್ಲಿ ಉತ್ತರದ ಹಿಮದ ಬೆಟ್ಟಗಳಲ್ಲಿದ್ದವನು. ನಾಲ್ಕು ವರ್ಷದ ಹಿಂದೆ ಊರಿನವರು, ಇನ್ನು ಮೇಲೆ ಪ್ರತಿ ಸ್ವಾತಂತ್ರ್ಯ ದಿನದಂದು ಶಾಲೆಯ ಬಯಲಿನಲ್ಲಿ ಅವನಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದರು. ಒಬ್ಬನೇ ಮನುಷ್ಯನಿಗೆ ವರ್ಷ ವರ್ಷವೂ ಏಕೆ ಎಂದು ನೀವು ಕೇಳಬಹುದು. ಯುದ್ಧ ನೋಡಿ ಬಂದವನು ನಮ್ಮೂರಿಗೆ ಇದ್ದವನೇ ಅವನೊಬ್ಬ.

ಮೊದಲ ವರ್ಷ ಸನ್ಮಾನಪತ್ರಕ್ಕೆ ವಿವರ ಕೇಳಲು ಅವನ ತೋಟಕ್ಕೆ ಹೋದೆ. ಈರಣ್ಣ ತೆಂಗಿನಕಾಯಿ ಸುಲಿಯುತ್ತಲೇ ಹೇಳಿದ: "ಬರ್ಕಳಕೆ ಏನೈತೆ ಮೇಷ್ಟ್ರೇ. ನಾನು ಹೇಸರಗತ್ತೆ ಕಂಪ್ನೀಲಿದ್ದೋನು. ಅವುಕ್ಕೆ ಮೈ ಉಜ್ಜೋದು, ಹುಲ್ಲಾಕೋದು, ಬೆನ್ನಿಗೆ ರೇಷನ್ ಕಟ್ಟಿ ಬೆಟ್ಟ ಹತ್ಸೋದು. ಅಷ್ಟೇಯ."

ನನಗೆ ಗಾಬರಿಯಾಯಿತು. ರೇಷ್ಮೆ ಜುಬ್ಬ ಹಾಕಿಕೊಂಡು ಮೈಕಿನಲ್ಲಿ ಹೇಸರಗತ್ತೆ ಎನ್ನುವುದು ಹೇಗೆ? ಮುಖ್ಯ ಅತಿಥಿಗಳು ಏನೆಂದುಕೊಂಡಾರು? ಮನೆಗೆ ಬಂದು 'ಅಶ್ವದಳ' ಎಂದು ಬರೆದೆ. ಅಶ್ವ ಬಂದ ಮೇಲೆ ಅದು ನಿಂತಲ್ಲೇ ನಿಂತೀತೇ? ಓಡಿಸಿದೆ. ಎರಡನೆಯ ವರ್ಷ ಈರಣ್ಣ ಏಕಾಂಗಿಯಾಗಿ ಒಂದು ಶಿಖರವನ್ನೇ ಕಾದ. ಮೂರನೆಯ ವರ್ಷ ನನ್ನ ಗಂಟಲು ಒಳ್ಳೆಯ ಲಯದಲ್ಲಿತ್ತು, ಅವನ ಎದೆಗೆ ಒಂದು ಗುಂಡು ಹೊಡೆಸಿಬಿಟ್ಟೆ. ಮಾರನೆಯ ದಿನ ಏಳನೇ ಕ್ಲಾಸಿನ ಹುಡುಗಿಯರು ಗುಂಪಾಗಿ ತೋಟಕ್ಕೆ ಹೋಗಿ, "ತಾತ, ಗುಂಡಿನ ಗಾಯ ತೋರಿಸಿ" ಎಂದು ಕೂತರಂತೆ. ಈರಣ್ಣನ ಹೆಂಡತಿ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿ, "ಶಿಖರ ಕಾದೋರ ಕೈಲಿ ಮನೆ ಮುಂದಿನ ನಾಕು ತೆಂಗಿನಮರ ಮಂಗನಿಂದ ಕಾಯಕಾಗಲ್ಲ. ಅದುನ್ನೂ ಒಸಿ ಬರೀರಿ ಸ್ವಾಮಿ" ಎಂದರು.

ಈರಣ್ಣನಿಗೆ ಈ ಯಾವುದೂ ಬೇಕಿರಲಿಲ್ಲ. ಸನ್ಮಾನದ ಪೇಟ ನಮ್ಮ ಶಾಲೆಯದು. ಸೈನ್ಸ್ ಲ್ಯಾಬಿನ ಬೀರುವಿನಲ್ಲಿ ಅಸ್ಥಿಪಂಜರದ ಪಕ್ಕ ಇರುತ್ತದೆ, ಫೋಟೋ ಮುಗಿದ ಮೇಲೆ ವಾಪಸ್ಸು ಅಲ್ಲಿಗೇ. ಅವನ ತಲೆ ಸಣ್ಣದು, ಪೇಟ ಹುಬ್ಬಿನವರೆಗೂ ಇಳಿದು ಬರುತ್ತಿತ್ತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಪ್ರತಿ ವರ್ಷವೂ ಒಂದು ಚೀಟಿ ಕೊಡುತ್ತಿದ್ದ. "ಇದರಾಗೊಂದು ಹೆಸರೈತೆ ಮೇಷ್ಟ್ರೇ, ನನ್ ಜೊತೇಲಿದ್ದೋನು. ಒಂದ್ಸಲ ಮೈಕಲ್ಲಿ ಹೇಳ್ಬುಡಿ, ಸಾಕು" ಎನ್ನುತ್ತಿದ್ದ. ಆಗಲಿ ಆಗಲಿ ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಕುದುರೆ ಏರಿದ ಮೇಲೆ ಚೀಟಿ ಯಾರಿಗೆ ನೆನಪಿರುತ್ತದೆ?

ಆ ಹೆಸರಿಗಾಗಿ ಕಾಯುತ್ತಿದ್ದವರು ಇನ್ನೊಬ್ಬರಿದ್ದರು. ಬಾಣಾವರದ ಗಂಗಮ್ಮ. ಚೀಟಿಯಲ್ಲಿದ್ದ ಚಂದ್ರಯ್ಯನ ತಂಗಿ. ಅಣ್ಣ ಯುದ್ಧದಲ್ಲಿ ಹೋದಾಗ ಆಕೆಗೆ ಇನ್ನೂ ಲಂಗ ದಾವಣಿಯ ವಯಸ್ಸು, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಮೈಕಿನಲ್ಲಿ ಅವನ ಹೆಸರು ಹೇಳಿಸುತ್ತೇನೆ ಎಂದು ಈರಣ್ಣ ಹೇಳಿದ್ದ, ಅದಕ್ಕೇ ಆಕೆ ಬಸ್ಸು ಹತ್ತಿ ಜಾವಗಲ್ಲಿಗೆ ಬರುತ್ತಿದ್ದರು. ಮೊದಲ ವರ್ಷ ಬರುವ ಹೊತ್ತಿಗೆ ಕಾರ್ಯಕ್ರಮ ಅರ್ಧ ಮುಗಿದಿತ್ತು. ಕೊನೆಗೆ, "ಹೇಳಿದ್ರಾ ಈರಣ್ಣ?" ಎಂದು ಕೇಳಿದಾಗ ಈರಣ್ಣನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ನೀನು ಬರೋಕ್ ಮುಂಚೇನೇ ಹೇಳ್ಬುಟ್ರು ಕಣಮ್ಮ" ಎಂದ. ಮಾರನೆಯ ವರ್ಷ ಗಂಗಮ್ಮ ಅದಕ್ಕೂ ಮುಂಚಿನ ಬಸ್ಸಿಗೆ ಬಂದರು. ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ವರ್ಷ ಇನ್ನೂ ಮುಂಚಿನ ಬಸ್ಸು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಶಿಖರದ ಮೇಲಿದ್ದೆ.

ಕಳೆದ ವರ್ಷ, ಅಂದರೆ ನಾಲ್ಕನೆಯ ಸಲ, ಬಯಲಿಗೆ ನಾನೇ ಮೊದಲು ಬಂದವನೆಂದುಕೊಂಡು ಹೋದರೆ, ಸಾಲಾಗಿ ಹಾಕಿದ್ದ ಖಾಲಿ ಕುರ್ಚಿಗಳ ನಡುವೆ ಒಬ್ಬ ಹೆಂಗಸು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಬಾವುಟ ಕಟ್ಟುವವರೇ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಈರಣ್ಣ ಬಂದ. ಆಕೆಯನ್ನು ನೋಡಿ ಅವನ ಮುಖ ಇಳಿದುಹೋಯಿತು. ನನ್ನನ್ನು ಶಾಲೆಯ ಕೊಠಡಿಯೊಂದರ ಮೂಲೆಗೆ ಎಳೆದುಕೊಂಡು ಹೋಗಿ, "ಮೊದಲ್ನೇ ಬಸ್ಸಿಗೇ ಬಂದ್ಬುಟ್ಟವ್ಳೆ ಮೇಷ್ಟ್ರೇ. ಇನ್ ಸುಳ್ಳು ಹೇಳಕೆ ಬಸ್ಸಿಲ್ಲ. ಇವತ್ತು ಹೇಳ್ಲೇಬೇಕು" ಎಂದು ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಖಂಡಿತ ಎಂದೆ. ಆ ಮಾತು ಪ್ರಾಮಾಣಿಕವಾಗಿಯೇ ಆಡಿದ್ದು.

ಆದರೆ ಆ ಸಲ ನಾನೊಂದು ಸೋಮಾರಿತನ ಮಾಡಿದ್ದೆ. ಹೊಸದು ಬರೆಯದೆ, ಬಿಕ್ಕೋಡಿನ ಹೆಡ್‌ಮೇಷ್ಟ್ರ ಪತ್ರವನ್ನೇ ಹೆಸರು ತಿದ್ದಿ ತಂದಿದ್ದೆ. ಮೊದಲ ಪುಟ ಯಾರಿಗಾದರೂ ಹೊಂದುತ್ತದೆ, ಸಲೀಸಾಗಿ ಸಾಗಿತು. ಎರಡನೆಯ ಪುಟ ತಿರುವಿ ದನಿ ಏರಿಸಿ, "ಇವರ ಕೈಯಲ್ಲಿ ಪಾಠ ಕಲಿತವರು ಇಂದು ನಾಡಿನಾದ್ಯಂತ ಎತ್ತರದ ಸ್ಥಾನಗಳನ್ನು ತಲುಪಿದ್ದಾರೆ. ಇವರ ಬೆತ್ತದ ರುಚಿ ಕಂಡವರು ಇಂದಿಗೂ ಇವರನ್ನು ಪೂಜಿಸುತ್ತಾರೆ" ಎಂದು ಓದಿದೆ. ಪಕ್ಕದಲ್ಲಿ ಪೇಟದ ಕೆಳಗಿನಿಂದ ಈರಣ್ಣ ಮೆಲ್ಲಗೆ, "ನಾನು ಅವುಕ್ಕೆ ಯಾವತ್ತೂ ಹೊಡ್ದೋನಲ್ಲ ಮೇಷ್ಟ್ರೇ" ಎಂದ.

ಮೈಕು ಅದನ್ನು ಹಿಡಿದು ಬಯಲಿಗೆಲ್ಲ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲ ಸಾಲೂ ನಕ್ಕಿತು. ನನ್ನ ಕಿವಿ ಕಾದುಹೋಯಿತು. ಮೂವತ್ತು ವರ್ಷ ಮೈಕು ಹಿಡಿದವನ ಮರ್ಯಾದೆ ಮಣ್ಣುಪಾಲಾಗುತ್ತಿತ್ತು. ಉಳಿದ ಹಾಳೆಗಳನ್ನು ಮಡಿಸಿ, ವಂದನಾರ್ಪಣೆಗೆ ಹಾರಿ, ರಾಷ್ಟ್ರಗೀತೆ ಶುರು ಮಾಡಿಸಿಬಿಟ್ಟೆ. ಎಲ್ಲರೂ ಎದ್ದು ನಿಂತರು. ಚೀಟಿ ಜೇಬಿನಲ್ಲೇ ಉಳಿಯಿತು.

ಮಕ್ಕಳು ಬೂಂದಿ ಲಾಡುವಿನ ಸಾಲಿಗೆ ಓಡಿದವು. ಮೈಕಿನವನು ವೈರು ಸುತ್ತತೊಡಗಿದ. ನಾನು ಯಾರ ಕಣ್ಣಿಗೂ ಬೀಳದೆ ಜಾರಿಕೊಳ್ಳುವ ದಾರಿ ಹುಡುಕುತ್ತಿದ್ದೆ, ಗಂಗಮ್ಮ ಎದುರು ಬಂದು ನಿಂತರು.

"ಇವತ್ತು ಮೊದಲ್ನೇ ಬಸ್ಸಿಗೇ ಬಂದಿದ್ದೆ ಮೇಷ್ಟ್ರೇ. ಎಲ್ಗೂ ಎದ್ದು ಹೋಗ್ಲಿಲ್ಲ, ನೀರು ಕುಡಿಯಕೂ ಹೋಗ್ಲಿಲ್ಲ. ನಮ್ಮಣ್ಣನ ಹೆಸರು ಯಾವಾಗ ಹೇಳಿದ್ರಿ? ನಾನೇನಾರ ತೂಕಡಿಸ್ಬುಟ್ನಾ?"

ನಾನು ಬಾಯಿ ಬಿಡುವ ಮುಂಚೆ ಈರಣ್ಣ ವೇದಿಕೆಯಿಂದ ಇಳಿದು ಬಂದ. ಪೇಟ ಇನ್ನೂ ತಲೆಯ ಮೇಲೇ ಇತ್ತು. "ನೀನು ತೂಕಡಿಸ್ಲಿಲ್ಲ ಕಣಮ್ಮ. ಅವರು ಹೇಳ್ನೇ ಇಲ್ಲ. ನಾಕು ವರ್ಷದಿಂದ್ಲೂ ಹೇಳಿಲ್ಲ. ನಾನೇ ಸುಳ್ಳು ಹೇಳ್ತಿದ್ದೆ" ಎಂದ. ಗಂಗಮ್ಮ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

"ವೈರು ಬಿಚ್ಚಪ್ಪ" ಎಂದು ಮೈಕಿನವನಿಗೆ ಕೂಗಿದೆ. ಅವನು ಗೊಣಗುತ್ತಲೇ ಮತ್ತೆ ಜೋಡಿಸಿದ. ವೇದಿಕೆ ಹತ್ತಿ ಚೀಟಿ ಬಿಚ್ಚಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಓದುತ್ತಿದ್ದೆ, ಆದ್ದರಿಂದ ಮುಂದಿನ ಸಾಲು ಏನೆಂದು ನನಗೂ ಗೊತ್ತಿರಲಿಲ್ಲ. "ಸಿಪಾಯಿ ಚಂದ್ರಯ್ಯ, ಬಾಣಾವರ" ಎಂದೆ. "ಆವತ್ತು ರೇಷನ್ ಮೇಲಕ್ಕೆ ಒಯ್ಯುವ ಪಾಳಿ ನನ್ನದು. ನನಗೆ" ಎಂದು ನಿಂತೆ. ಮುಂದೆ 'ಭೇದಿ' ಎಂದಿತ್ತು. ಹೇಸರಗತ್ತೆಯನ್ನೇ ನುಂಗಿದವನು ನಾನು. ಈರಣ್ಣನ ಕಡೆ ನೋಡಿದೆ. ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಕೈ ಇಳಿಬಿಟ್ಟು, ಅಟೆನ್ಷನ್ನಿನಲ್ಲಿ ನಿಂತಿದ್ದ. ಓದಿ ಎನ್ನುವಂತೆ ತಲೆಯಾಡಿಸಿದ.

"ನನಗೆ ಭೇದಿ ಆಗಿತ್ತು" ಎಂದೆ. ಲಾಡುವಿನ ಸಾಲಿನಲ್ಲಿ ಮಕ್ಕಳು ಕಿಸಕ್ಕೆಂದವು. "ನನ್ನ ಬದಲು ಅವನು ಹೋದ. ದಾರಿಯಲ್ಲಿ ಶೆಲ್ ಬಿತ್ತು. ಹೇಸರಗತ್ತೆ ಒಂದೇ ವಾಪಸ್ಸು ಬಂತು." ಚೀಟಿ ಅಲ್ಲಿಗೆ ಮುಗಿದಿತ್ತು. ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಉಸಿರು ಹಿಡಿದು ಚಪ್ಪಾಳೆಗೆ ಕಾಯುವುದನ್ನೂ ಮರೆತಿದ್ದೆ. ಚಪ್ಪಾಳೆ ಬೀಳಲೂ ಇಲ್ಲ. ಲಾಡು ತಿನ್ನುತ್ತಿದ್ದ ಮಕ್ಕಳು ಬಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿ ಈರಣ್ಣನನ್ನು ನೋಡುತ್ತಿದ್ದವು.

ಈರಣ್ಣ ತನ್ನ ಶಾಲನ್ನು ತೆಗೆದು ಗಂಗಮ್ಮನಿಗೆ ಹೊದಿಸಿದ. ಆಕೆ, "ಸೆಕೆ ಕಣಣ್ಣ" ಎಂದರು, ಆದರೆ ತೆಗೆಯಲಿಲ್ಲ. ಬೆಳಗಿನಿಂದ ಏನೂ ಮುಟ್ಟದಿದ್ದವರು ಹೋಗಿ ಮಕ್ಕಳ ಸಾಲಿನ ಕೊನೆಗೆ ನಿಂತು ಲಾಡು ಇಸಿದುಕೊಂಡು ಬಂದರು. ಪೇಟ ವಾಪಸ್ಸು ಕೇಳಲು ಆವತ್ತು ಯಾರಿಗೂ ಧೈರ್ಯ ಬರಲಿಲ್ಲ. ಅದು ಈರಣ್ಣನ ಮನೆಯಲ್ಲೇ ಇದೆ, ಕೋಳಿ ಅದರಲ್ಲಿ ಮೊಟ್ಟೆ ಇಟ್ಟಿತ್ತೆಂದು ಅವನ ಹೆಂಡತಿ ಹೇಳುತ್ತಿದ್ದರು.

ಬೇಲೂರು, ಹಳೇಬೀಡಿಗೆ ಮಕ್ಕಳನ್ನು ಟೂರು ಕರೆದುಕೊಂಡು ಹೋದಾಗಲೆಲ್ಲ ದಾರಿಯ ಹಳ್ಳಿಗಳಲ್ಲಿ ವೀರಗಲ್ಲು ತೋರಿಸುತ್ತಿದ್ದೆ. ಯಾವ ಊರಿನವನು, ಯಾರ ಮಗ, ಯಾವ ಕಾಳಗದಲ್ಲಿ ಬಿದ್ದ ಎಂದು ಹೇಳಿ ಮುಗಿಸುವ ಕಲ್ಲುಗಳು. ಇಷ್ಟು ಚಿಕ್ಕದಾಗಿ ಬರೆದಿದ್ದಾರಲ್ಲ, ಕಲ್ಲು ಗಟ್ಟಿ ಇದ್ದಿರಬೇಕು ಎಂದು ತಮಾಷೆ ಮಾಡಿ ಮಕ್ಕಳನ್ನು ನಗಿಸುತ್ತಿದ್ದೆ. ಅವರು ಏಕೆ ಚಿಕ್ಕದಾಗಿ ಬರೆದರೆಂದು ತಿಳಿಯಲು ನನಗೆ ನಾಲ್ಕು ಚೀಟಿ ಬೇಕಾಯಿತು.

ಮೊನ್ನೆ ಬೀರು ತೆಗೆದದ್ದು ಏಕೆಂದರೆ, ಜಾವಗಲ್ಲಿನಿಂದ ಮತ್ತೆ ಫೋನು ಬಂದಿತ್ತು. "ಸಾರ್, ಈ ವರ್ಷವೂ ನೀವೇ. ಸನ್ಮಾನಪತ್ರ ಸ್ವಲ್ಪ ಭರ್ಜರಿಯಾಗಿರಲಿ" ಎಂದರು. ಕೂತು ಬರೆದೆ, ನಾಲ್ಕೇ ಸಾಲು ಆಯಿತು. ಒಂದು ಸಾಲಿನಲ್ಲಿ ಹೇಸರಗತ್ತೆ ಇದೆ. ಕೊನೆಯ ಸಾಲು, 'ಈರಣ್ಣನವರೇ, ಚಂದ್ರಯ್ಯನವರೇ, ನಿಮಗೆ ನಾವು ಋಣಿಗಳು' ಎಂದು. ಕಮಲ ಓದಿ, "ಜುಬ್ಬ ಹಾಕ್ಕೊಳ್ಳೋಕೆ ಹಿಡಿಯೋಷ್ಟು ಹೊತ್ತೂ ಹಿಡಿಯಲ್ವಲ್ಲ ಇದನ್ನ ಓದೋಕೆ" ಎಂದಳು. ಅವಳ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು.

ಆಮೇಲೆ ಗಂಗಮ್ಮನಿಗೆ ಫೋನು ಮಾಡಿದೆ. "ಈ ಸಲ ಮೊದಲನೇ ಬಸ್ಸಿಗೆ ಬರಬೇಡಿ ಗಂಗಮ್ಮ. ನಿಧಾನವಾಗಿ ತಿಂಡಿ ತಿಂದುಕೊಂಡು ಬನ್ನಿ. ನೀವು ಬಂದು ಕೂರೋವರೆಗೂ ನಾನು ಮೈಕು ಮುಟ್ಟೋದಿಲ್ಲ" ಎಂದೆ.



"ಇಲ್ಲ ಬುಡಿ ಮೇಷ್ಟ್ರೇ, ಮೊದಲ್ನೇ ಬಸ್ಸಿಗೇ ಬತ್ತೀನಿ" ಎಂದರು. "ನಿಮಗೆ ಮರೆವು ಜಾಸ್ತಿ. ಜನ ಬರೋಕ್ ಮುಂಚೆ ನಮ್ಮಣ್ಣನ ಹೆಸರ ನನ್ ಮುಂದೆ ಒಂದ್ಸಲ ಹೇಳಿ ನೋಡ್ಕಳಿ. ನಿಮಗೂ ರೂಢಿ ಆಯ್ತದೆ, ನಾನೂ ಎಲ್ಡು ಸಲ ಕೇಳ್ದಂಗಾಯ್ತದೆ."