ಅಂಬಾಸಿಡರ್‌ಗೆ ಬಾಣಂತನ

ಹೋದ ತಿಂಗಳು ನಮ್ಮ ಕಾರಿಗೆ ಬೆಂಕಿ ಬಿದ್ದಿದೆ ಎಂದು ಕುಮಟೆಯ ನಮ್ಮ ಓಣಿಯೆಲ್ಲ ಓಡಿಬಂತು. ಬೆಂಕಿ ಬಿದ್ದಿರಲಿಲ್ಲ. ಅಮ್ಮ ಅದಕ್ಕೆ ಧೂಪ ಹಾಕಿದ್ದಳು, ಅಷ್ಟೆ.

(ನಗಬೇಡಿ. ಪೂರ್ತಿ ಕೇಳಿ.)

ಕಾರು ಅಪ್ಪನದು. ಹಳೇ ಅಂಬಾಸಿಡರ್. ಹುಬ್ಬಳ್ಳಿಗೆ ಹೋಗಿ ಅದಕ್ಕೆ ಅಸಲಿ ಚರ್ಮದ ಸೀಟು ಹಾಕಿಸಿಕೊಂಡು ಬಂದಿದ್ದರು. ಅಪ್ಪ ಹೋದ ಮೇಲೆ ಅಮ್ಮನ ಕಾನೂನು ಒಂದೇ: ಯಾರೂ ಕೂರಬಾರದು, ಸೀಟು ಹಾಳಾಗುತ್ತದೆ. ಈ ಮಳೆಗಾಲಕ್ಕೂ ಕಟ್ಟಿಗೆ ರಾಶಿಗೆ ಮುಚ್ಚುವ ಹಾಗೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಜೋಪಾನ ಮಾಡಿದ್ದೆವು.

ಮಳೆ ಬಿಡುವಷ್ಟರಲ್ಲಿ ಅಕ್ಕನ ಮಗಳು ಸ್ಮಿತಾಳ ಮದುವೆ ನಿಕ್ಕಿಯಾಯಿತು. ಮಂಟಪ ಹೊನ್ನಾವರದಲ್ಲಿ, ದಿಬ್ಬಣ ಹೊರಡುವುದು ನಮ್ಮ ಮನೆಯಿಂದ.

"ಮಾವಾ, ನಾ ಅಜ್ಜನ ಕಾರಲ್ಲೇ ಹೋಗೂದು. ಬೇರೆ ಕಾರು ತಂದ್ರೆ ಹತ್ತೂದೇ ಇಲ್ಲ" ಎಂದಳು.

ಮೊಮ್ಮಗಳ ಮುಂದೆ ಯಾವ ಕಾನೂನು ನಿಲ್ಲುತ್ತದೆ? ಅಮ್ಮ ಹೂಂ ಎಂದಳು.

ಮದುವೆಗೆ ಮೂರ್ನಾಲ್ಕು ದಿನ ಇರುವಾಗ ಕಾರಿನ ಬಾಗಿಲು ತೆಗೆದೆ. ಸೀಟಿನ ತುಂಬ ಬೂಷ್ಟು! ಬಿಳಿ, ಹಸಿರು, ನಡುನಡುವೆ ಕಪ್ಪು. ಕೆಟ್ಟ ಉಪ್ಪಿನಕಾಯಿ ಭರಣಿ ತೆರೆದ ಹಾಗೆ ವಾಸನೆ. ರೇಷ್ಮೆ ಸೀರೆ ಉಟ್ಟ ಮದುಮಗಳನ್ನು ಇದರ ಮೇಲೆ ಕೂರಿಸುವುದು ಹೇಗೆ?

ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಯೂಟ್ಯೂಬ್ ಗುರುಗಳು ಹೇಳಿದಂತೆ ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಹೊಲಿಗೆಯ ಸಂದುಸಂದು ಒರೆಸಿದೆ. ಬೂಷ್ಟು ಹೋಯಿತು. ವಾಸನೆ ಹೋಗಲಿಲ್ಲ.

"ಕೂಸಿನ್ನ ಮೀಯಿಸಿದ ಮೇಲೆ ಎಂತ ಮಾಡೂದು? ಧೂಪ ಹಾಕೂದು!" ಎಂದಳು ಅಮ್ಮ.

ಕೆಂಡಕ್ಕೆ ಲೋಬಾನ ಉದುರಿಸಿ ಕೂಸಿಗೆ ಹೊಗೆ ಕೊಡುವುದು ನಮ್ಮ ಕಡೆಯ ರೂಢಿ. ಓಣಿಯ ಅರ್ಧ ಕೂಸುಗಳನ್ನು ಮೀಯಿಸಿದ ಕೈ ಅಮ್ಮನದು. ವಾದ ಮಾಡುವುದುಂಟೇ? ಹಳೇ ಬಾಣಲೆಯಲ್ಲಿ ಕೆಂಡ ತಂದು ಕಾರಿನೊಳಗಿಟ್ಟು, ಲೋಬಾನ ಹಾಕಿ, ಗಾಜು ಏರಿಸಿ, ಒಂದು ಸಂದು ಮಾತ್ರ ಬಿಟ್ಟಳು. ನಾನು ಚಾ ಕುಡಿಯಲು ಒಳಗೆ ಹೋದೆ.

ಅಷ್ಟೇ ಸಾಕಾಯಿತು. ಪಕ್ಕದ ಮನೆಯ ತಿಮ್ಮಣ್ಣ ಆಗಷ್ಟೇ ದೋಣಿ ಇಳಿದು ಮನೆಗೆ ಬಂದಿದ್ದ. ಹೊಗೆ ಕಂಡವನೇ ಬಾವಿಕಟ್ಟೆಯ ಕೊಡ ಎತ್ತಿಕೊಂಡು ಓಡಿಬಂದು, ಬಾಗಿಲು ತೆಗೆದು ಒಳಗೆ ಸುರಿದ. ಹಿಂದೆಯೇ ಅವನ ಹೆಂಡತಿಯ ಕೊಡ, ಅದರ ಹಿಂದೆ ಇಡೀ ಓಣಿ. ಕೆಂಡ ಆರಿತು. ಸೀಟು ನೆನೆದು ತೊಪ್ಪೆಯಾಯಿತು.

"ಅಂತೂ ಕಾರು ಉಳೀತು!" ಎಂದ ತಿಮ್ಮಣ್ಣ, ಏದುಸಿರು ಬಿಡುತ್ತ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಂಕಿ ಎಂದು ನೀರು ತಂದವನಿಗೆ ಯಾವ ಬಾಯಲ್ಲಿ ಬಯ್ಯುವುದು?

ವಿಷಯ ಗೊತ್ತಾದ ಮೇಲೆ ಅವನೇ ನಟ್ಟು ಬಿಚ್ಚಿ, ಸೀಟುಗಳನ್ನು ಹೊತ್ತು ತಂದು ನಮ್ಮ ಚಪ್ಪರದಡಿ ಗಾಳಿಗೆ ಇಟ್ಟ. ಪೂರ್ತಿ ಆರುವ ಹೊತ್ತಿಗೆ ನೆಂಟರು ಬರತೊಡಗಿದರು. ಬಂದವರೆಲ್ಲ ಅವುಗಳ ಮೇಲೇ ಕೂತರು! ಚಾ ಕುಡಿದರು, ಎಲೆಯಡಿಕೆ ಕವಳ ಹಾಕಿದರು, ಹೂ ಕಟ್ಟಿದರು. ನಾನು ಹೆದರುತ್ತ ಅಮ್ಮನ ಮುಖ ನೋಡಿದೆ. ಅವಳು ಯಾರನ್ನೂ ಏಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ತಾನೂ ಬಂದು ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು, ಚರ್ಮವನ್ನೊಮ್ಮೆ ಸವರಿದಳು.

ಸೀಟು ಮತ್ತೆ ಕೂರಿಸಿ, ಗ್ಯಾರೇಜಿನವನಿಂದ ಎಂಜಿನ್ ನೋಡಿಸಿದ್ದಾಯಿತು. ಸ್ಮಿತಾ ಅಜ್ಜನ ಕಾರಿನಲ್ಲೇ ಹೊನ್ನಾವರಕ್ಕೆ ಹೋದಳು, ಲೋಬಾನದ ಪರಿಮಳದ ಸಮೇತ.

ಈಗ ಭಾನುವಾರ ಮೀನು ಪೇಟೆಗೆ ನಾವು ಹೋಗುವುದು ಆ ಕಾರಿನಲ್ಲೇ. "ಸೀಟಿಗೆ ಮೀನು ವಾಸನೆ ಹಿಡೀತದಲ್ಲೇ ಅಮ್ಮಾ?" ಎಂದೆ ಮೊನ್ನೆ.

"ಹಿಡೀಲಿ ಬಿಡು. ಯಾರೂ ಕೂರದ ಸೀಟಿಗೇ ಬೂಷ್ಟು ಬರೂದು. ಅದಿರ್ಲಿ, ನೀ ತಂದ ಸೋಫಾದ ಪ್ಲಾಸ್ಟಿಕ್ ಯಾವಾಗ ತೆಗೀತೆ?"