ಆಯುಧಪೂಜೆಗೆ ಕೂತ ಕಾರ್ಡು

2007ರಲ್ಲಿ ನಾನು ಮೈಸೂರಿನ ಯಾದವಗಿರಿಯ ಒಂದು ಬ್ಯಾಂಕ್ ಶಾಖೆಯಲ್ಲಿ ವಿದೇಶಿ ವಿನಿಮಯ ವಿಭಾಗದ ಅಧಿಕಾರಿಯಾಗಿದ್ದೆ. ಹೊರದೇಶಕ್ಕೆ ಹೋಗುವವರಿಗೆ ಟ್ರಾವೆಲರ್ಸ್ ಚೆಕ್ ಕೊಡುವ ಕಾಲ ಮುಗಿಯುತ್ತ ಬಂದು ಪ್ರೀಪೇಯ್ಡ್ ಕಾರ್ಡಿನ ಕಾಲ ಶುರುವಾಗಿತ್ತು. ಇಲ್ಲಿ ರೂಪಾಯಿ ಕಟ್ಟಿದರೆ ಅಷ್ಟಕ್ಕೆ ಸಮನಾದ ವಿದೇಶಿ ಹಣವನ್ನು ಕಾರ್ಡಿಗೆ ತುಂಬಿಕೊಡುತ್ತಿದ್ದೆವು. ಅಲ್ಲಿ ಅಂಗಡಿಯಲ್ಲಿ ಉಜ್ಜಬಹುದು, ಎಟಿಎಂನಲ್ಲಿ ನೋಟು ತೆಗೆಯಬಹುದು. ಪಿನ್ ಯಾರಿಗೂ ಹೇಳಬೇಡಿ, ಕಾರ್ಡು ಮಡಚಬೇಡಿ ಎಂಬ ಉಪದೇಶವನ್ನು ನಾನು ನಿದ್ದೆಯಲ್ಲೂ ಒಪ್ಪಿಸಬಲ್ಲವಳಾಗಿದ್ದೆ.

ಆ ವರ್ಷ ದಸರಾಕ್ಕೆ ಮುಂಚೆ ಕುಂಬಾರಕೊಪ್ಪಲಿನ ಮರೀಗೌಡರು ಮಗಳು ರೇಖಾಳನ್ನು ಕರೆದುಕೊಂಡು ಬಂದರು. ಗೌಡರದು ಮೈಕ್‌ಸೆಟ್ ಬಾಡಿಗೆ ಮತ್ತು ಸ್ಪೀಕರ್ ರಿಪೇರಿ ಅಂಗಡಿ. ಮದುವೆ, ಗಣಪತಿ, ಎಲೆಕ್ಷನ್ ಯಾವುದಿದ್ದರೂ ಬಡಾವಣೆಯ ಕಿವಿ ಕಿವುಡು ಮಾಡುವವರು ಅವರೇ. ಸ್ವತಃ ಮಾತ್ರ ಮಿತಭಾಷಿ. ರೇಖಾ ನರ್ಸ್. ಸಿಂಗಪುರದ ಆಸ್ಪತ್ರೆಯೊಂದರಲ್ಲಿ ತರಬೇತಿಗೆ ಆಯ್ಕೆಯಾಗಿದ್ದಳು. ಅವರ ಮನೆತನದಲ್ಲಿ ವಿಮಾನ ಹತ್ತುವವರಲ್ಲಿ ಅವಳೇ ಮೊದಲು. ದುಡ್ಡೆಲ್ಲ ಕಾರ್ಡಿನಲ್ಲೇ ಇರಲಿ, ಕೈಯಲ್ಲಿ ಚಿಲ್ಲರೆ ಸಾಕು ಎಂದು ಹೇಳಿ ಕಳಿಸಿದೆ.

ವಿಜಯದಶಮಿ ಕಳೆದ ಮೇಲೆ ರೇಖಾ ಹೊರಟಳು. ಮರುದಿನ ಬ್ಯಾಂಕಿನ ಬಾಗಿಲು ತೆರೆಯುತ್ತಲೇ ಗೌಡರು ನನ್ನ ಮೇಜಿನ ಮುಂದೆ ಬಂದು ನಿಂತರು. ಹಾಸ್ಟೆಲಿನವರು ಮುಂಗಡ ಕೇಳುತ್ತಿದ್ದಾರಂತೆ, ಕಾರ್ಡು ಉಜ್ಜಿದರೆ ಯಂತ್ರ ಓದುತ್ತಿಲ್ಲವಂತೆ, ಎಟಿಎಂ ಕೂಡ ಹೊರಗೆ ತಳ್ಳುತ್ತಿದೆಯಂತೆ. ಸಂಜೆಯೊಳಗೆ ಹಣ ಕಟ್ಟದಿದ್ದರೆ ಕೋಣೆ ಬೇರೆಯವರ ಪಾಲು. ಹಾಸ್ಟೆಲಿನ ಫೋನಿನಿಂದ ಮಗಳು ಇಷ್ಟು ತಿಳಿಸಿದ್ದಳು.

"ಗುರುತು ಪರಿಚಯ ಇಲ್ದಿರೋ ಊರು ಮೇಡಂ. ನನ್ ಮಗ ಇವತ್ತು ಎಲ್ಲಿ ಮಲಗ್ತದೆ?" ಎಂದರು. ಅವರಲ್ಲಿ ಮುದ್ದಿಗೆ ಮಗಳನ್ನೂ ಮಗ ಎನ್ನುವುದು ರೂಢಿ.

ಕಂಪ್ಯೂಟರಿನಲ್ಲಿ ನೋಡಿದೆ. ಕಾರ್ಡು ಚಾಲ್ತಿಯಲ್ಲಿತ್ತು, ಹಣ ಹಾಗೇ ಇತ್ತು, ಪಿನ್ ತಪ್ಪು ಒತ್ತಿದ ಸುಳಿವೂ ಇರಲಿಲ್ಲ. ಹಾಗಾದರೆ ಕೆಟ್ಟಿರುವುದು ಕಾರ್ಡೇ. ನೀರಿಗೆ ಬಿತ್ತೇ, ಬಾಗಿತೇ ಎಂದು ಕೇಳಿದೆ. ದೇವರ ಹಾಗೆ ನೋಡಿಕೊಂಡಿದ್ದೆವು ಎಂದರು. ನಾನು ಇನ್ನೊಂದು ಕಾರ್ಡು ತಿರುಗಿಸಿ ತೋರಿಸಿದೆ. ಹಿಂಬದಿಯ ಈ ಕಪ್ಪು ಪಟ್ಟಿ ಕ್ಯಾಸೆಟ್ಟಿನ ಟೇಪ್ ಇದ್ದ ಹಾಗೆ, ಮಾಹಿತಿಯೆಲ್ಲ ಇದರಲ್ಲೇ ಇರುತ್ತದೆ, ಇದು ಅಳಿಸಿಹೋದರೆ ಯಂತ್ರಕ್ಕೆ ಏನೂ ಕಾಣುವುದಿಲ್ಲ ಎಂದೆ.

ಗೌಡರು ಆ ಕಾರ್ಡನ್ನು ಕೈಗೆ ತೆಗೆದುಕೊಂಡು ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿದರು.

"ಆಯುಧಪೂಜೆ ದಿನ ಸಾಮಾನಿನ ಜೊತೆ ಕಾರ್ಡ್ನೂ ಪೂಜೆಗಿಟ್ಟಿದ್ದೆ ಮೇಡಂ. ದೊಡ್ಡ ಸ್ಪೀಕರ್ ಬೋರಲಾಕಿ, ಅದರ ಮ್ಯಾಗ್ನೆಟ್ ಮೇಲೆ ಮಡಗಿ ಹೂವಾಕ್ದೆ. ಮಾರನೇ ದಿನದವರೆಗೂ ಅಲುಗಿಸಲಿಲ್ಲ. ಸ್ಪೀಕರ್ ಹತ್ರ ಕ್ಯಾಸೆಟ್ ಇಡ್ಬೇಡಿ, ಅಳಿಸೋಯ್ತದೆ ಅಂತ ಊರಿಗೆಲ್ಲ ಹೇಳೋನು ನಾನೇ. ಕೈಯಾರೆ ಮಗಳ ದಾರಿ ಕೆಡಿಸ್ಬುಟ್ಟೆ."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತೇನೋ. ಅಂದು ಬರಲಿಲ್ಲ. ಮಗಳಿಗೆ ಒಳ್ಳೆಯದಾಗಲೆಂದು ಅಂಗಡಿಯ ಅತಿ ದೊಡ್ಡ ಸ್ಪೀಕರನ್ನೇ ಪೀಠ ಮಾಡಿದ ಮನುಷ್ಯ ಆತ.

ಅಳುತ್ತ ಕೂರಲು ಹೊತ್ತಿರಲಿಲ್ಲ. ಕಾರ್ಡಿನಲ್ಲಿ ಹಣವಿರುವುದು ನಿಜ ಎಂದು ಮ್ಯಾನೇಜರಿಂದ ಪತ್ರ ಬರೆಸಿ ಹಾಸ್ಟೆಲಿಗೆ ಫ್ಯಾಕ್ಸ್ ಮಾಡಿದೆ. ಅಲ್ಲಿನ ಮೇಲ್ವಿಚಾರಕಿ ಮೊದಲು ಒಪ್ಪಲಿಲ್ಲ. ಪಟ್ಟು ಬಿಡದೆ ಮಾತಾಡಿ ಒಂದು ದಿನದ ಗಡುವು ಪಡೆದೆ. ಆಮೇಲೆ ಮುಂಬಯಿಯ ಕಾರ್ಡು ವಿಭಾಗದವರ ಜೊತೆ ಗುದ್ದಾಟ. ಪಾಸ್‌ಪೋರ್ಟ್ ತೋರಿಸಿದರೆ ಮರುದಿನ ಸಿಂಗಪುರದಲ್ಲೇ ತುರ್ತು ನಗದು ಕೊಡಲು ಒಪ್ಪಿದರು. ಕಾರ್ಡು ಕೆಟ್ಟ ಕಾರಣ ಕೇಳಿದ್ದಕ್ಕೆ ಅಯಸ್ಕಾಂತದ ಸಂಪರ್ಕ ಎಂದಷ್ಟೇ ಹೇಳಿದೆ. ಹೂವಿನ ವಿಚಾರ ಅವರಿಗೇಕೆ?

ರೇಖಾಳಿಗೆ ಫೋನ್ ಹಚ್ಚಿ ರಿಸೀವರನ್ನು ಗೌಡರ ಕೈಗೆ ಕೊಟ್ಟೆ. ನಡೆದದ್ದನ್ನು ಹೇಳಿ, ತಪ್ಪಾಯ್ತು ಕಣವ್ವ ಎನ್ನುವಷ್ಟರಲ್ಲಿ ಅವರು ಅತ್ತೇಬಿಟ್ಟರು. ಆ ಕಡೆಯ ಮಾತು ನನಗೂ ಕೇಳಿಸಿತು.

"ಅಳಬೇಡ ಕಣಪ್ಪ, ರೂಮು ಸಿಕ್ತಲ್ಲ. ಮುಂದಿನ ಸಲಾನೂ ನೀನೇ ಪೂಜೆ ಮಾಡು. ತಟ್ಟೇಲಿಟ್ಟು ಮಾಡು, ಅಷ್ಟೇ."

ಅಪ್ಪ ಅಳುತ್ತಲೇ ನಕ್ಕರು.

ಕೌಂಟರಿನ ಪಾಠವನ್ನು ಎದುರು ಕೂತವರ ಕಸುಬಿನ ಮಾತಿನಲ್ಲಿ ಹೇಳಬೇಕು ಎಂದು ನನಗೆ ಕಲಿಸಿದವರು ಗೌಡರು. ಕ್ಯಾಸೆಟ್ ಎಂಬ ಒಂದು ಪದ ಮೊದಲೇ ನನ್ನ ಬಾಯಿಗೆ ಬಂದಿದ್ದರೆ ಅವರಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಅಲ್ಲಿಂದ ನಿವೃತ್ತಿಯವರೆಗೆ, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳದೆ ನಾನು ಯಾರ ಕೈಗೂ ಕಾರ್ಡು ಕೊಡಲಿಲ್ಲ.