ಕುಂಕುಮ ಮೆತ್ತಿದ ಲೈಸೆನ್ಸು

ಲೋಬಾನದ ಹೊಗೆ ಮೂಗಿಗೆ ಬಡಿದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ಒಂದು ಲೈಸೆನ್ಸು ನೆನಪಾಗುತ್ತದೆ. ಮೊನ್ನೆ ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆಂದು, ಪಕ್ಕದ ಮನೆಯ ದವಸದ ಅಡತಿ ಅಂಗಡಿಯವರು ಕರೆದಾಗಲೂ ಹಾಗೇ ಆಯಿತು. ತಕ್ಕಡಿ, ತೂಕದ ಕಲ್ಲುಗಳ ಸಾಲಿನಲ್ಲಿ, ಗಾಜಿನ ಚೌಕಟ್ಟಿನೊಳಗೆ, ಆ ಲೈಸೆನ್ಸೂ ಇತ್ತು.

ಅರವತ್ತರ ದಶಕದಲ್ಲಿ ನಾನು ಬಸವಕಲ್ಯಾಣದಿಂದ ಹುಮನಾಬಾದಿನ ಈ ಓಣಿಗೆ ಸೊಸೆಯಾಗಿ ಬಂದೆ. ಪಕ್ಕದ ಮನೆಯ ಸಾವ್ಕಾರರ ಒಬ್ಬನೇ ಮಗ ಹೈದರಾಬಾದಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತು, ಲೈಸೆನ್ಸು ಪಡೆದು ಬಂದಿದ್ದರು. ತವರಿನಲ್ಲಿ ನನಗೆ ಅಣ್ಣತಮ್ಮಂದಿರಿಲ್ಲ. ಅವರನ್ನೇ ಅಣ್ಣ ಎಂದೆ. "ನಿಮ್ಮ ಕಲ್ಯಾಣದ ಕೋಟೆ ಮ್ಯಾಲಿಂದ ನೋಡಿದ್ರ ಅಂಗೈಯಾಗ ಹಿಡಿಬಹುದು, ತಂಗಿ," ಎಂದಿದ್ದರು ಒಮ್ಮೆ. ಹಾಗೆ ಹೇಳುವಾಗಿನ ಅವರ ಮುಖ...

ಆಫ್ರಿಕಾದಿಂದ ಕೆಲಸಕ್ಕೆ ಕರೆ ಬಂತು. ನಮ್ಮ ದೇಶದ ಲೈಸೆನ್ಸು ತೋರಿಸಿದರೆ ಅಲ್ಲಿನವರು ಒಪ್ಪಿಗೆ ಕೊಟ್ಟು ತಮ್ಮ ಸಣ್ಣ ವಿಮಾನ ಹಾರಿಸಲು ಬಿಡುತ್ತಾರಂತೆ. ದಸರೆ ಮುಗಿಸಿ ಹೊರಡುವುದೆಂದಾಯಿತು. ಅವರಪ್ಪ ಅದೇ ಲೈಸೆನ್ಸು ಮುಂದಿಟ್ಟು ಮಗನಿಗೆ ದೊಡ್ಡ ಮನೆತನದ ಹೆಣ್ಣು ಗೊತ್ತು ಮಾಡಿದ್ದ ಮನುಷ್ಯ. ಲೈಸೆನ್ಸಿನ ಮರ್ಯಾದೆ ಬೇಕಿತ್ತು ಆತನಿಗೆ. ಮಗ ಮಾತ್ರ ಅಂಗಡಿಯ ಗಾದಿಯ ಮೇಲೆ ಕೂತು ಜೋಳ ತೂಗಬೇಕಿತ್ತು.

ಪ್ರತಿವರ್ಷ ಪೂಜೆಯಲ್ಲಿ ಪುಟ್ಟ ಪುಸ್ತಕದಂತಿದ್ದ ಆ ಲೈಸೆನ್ಸಿನ ಮೇಲೆ ಒಂದು ಹೂ ಇಡುತ್ತಿದ್ದರು, ಅಷ್ಟೇ. ಆ ವರ್ಷ ಸಾವ್ಕಾರರು ಪುಸ್ತಕ ಬಿಡಿಸಿ, ಕುಂಕುಮವನ್ನು ನೀರಲ್ಲಿ ಕಲಸಿ, ಮಗನ ಫೋಟೊದ ಮೇಲೆ ಹೆಬ್ಬೆರಳಿನಿಂದ ತಿಕ್ಕಿದರು. ಅಕ್ಷರಗಳ ಮೇಲೂ ತಿಕ್ಕಿದರು. ಮೇಲೆ ಹಾಲು ಬೇರೆ! ಮುಖವೂ ಹೆಸರೂ ಕೆಂಪಿನಲ್ಲಿ ಮುಳುಗಿದವು. ಸಾವ್ಕಾರರ ಕಣ್ಣು ಮಾತ್ರ ಮಗನ ಮೇಲೆಯೇ ಇತ್ತು. ಅಣ್ಣ ಬೆಚ್ಚಿ ಮುಂದೆ ಬಂದರೆ, "ಅನ್ನ ಹಾಕೂದಕ್ಕ ಪೂಜಿ ಮಾಡಬ್ಯಾಡಂತೀಯೇನು?" ಎಂದರು. ಓಣಿಯ ಹಿರಿಯರೆಲ್ಲ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ ಪೇಢೆ ತಿಂದರು. ಥೂ!

ಮರುದಿನ ನಾನೇ ಕೇಳಿದೆ. "ಇನ್ನೊಂದು ಮಾಡಸ್ಕೊಳ್ರಿ ಅಣ್ಣಾ. ಹೈದರಾಬಾದೇನು ದೂರ ಅದೇನ್ರಿ?"

"ಅಪ್ಪಗ ಮನಸ್ಸಿಲ್ಲ, ತಂಗಿ... ಹೋಗ್ಲಿ ಬಿಡು."

ಆ ಮುದುಕನ ಹೆಬ್ಬೆರಳಿಗಿಂತ ಈ 'ಹೋಗ್ಲಿ ಬಿಡು' ನನಗೆ ಹೆಚ್ಚು ಹೇಸಿಗೆ ತಂದಿತು. ಒಮ್ಮೆಯಾದರೂ ಬಾಯಿ ಬಿಡಬಾರದಿತ್ತೇ? ಆಫ್ರಿಕಾದ ಕೆಲಸ ಬೇರೆಯವರ ಪಾಲಾಯಿತು. ಅಣ್ಣ ಸಾಯುವತನಕ ಗಂಜ್ ಮಾರುಕಟ್ಟೆಯಲ್ಲಿ ತಕ್ಕಡಿ ಹಿಡಿದರು. ಓಣಿಯ ಮೇಲೆ ವಿಮಾನ ಹಾದರೆ ಹುಡುಗರೆಲ್ಲ ಕೇಕೆ ಹಾಕುತ್ತ ಹೊರಗೋಡುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ.

ಮೊನ್ನೆ ಅಣ್ಣನ ಮಗ ಚೌಕಟ್ಟಿನ ಗಾಜಿಗೆ ಮತ್ತೆ ಕುಂಕುಮ ಹಚ್ಚಿ, "ಬರ್ರಿ ಅತ್ತಿ, ಅಪ್ಪಗ ಕೈ ಮುಗೀರಿ," ಎಂದ. ನನಗೆ ತಡೆಯಲಾಗಲಿಲ್ಲ. ಮುಖವಾದರೂ ಕಾಣಲಿ ಎಂದು ಸೆರಗಿನಿಂದ ಗಾಜನ್ನು ತಿಕ್ಕಿ ಒರೆಸಿದೆ. ಗಾಜು ಸ್ವಚ್ಛವಾಯಿತು. ಅಣ್ಣ ಕಾಣಲಿಲ್ಲ... ಆ ವರ್ಷದ ಕೆಂಪು ಗಾಜಿನ ಒಳಗಡೆ ಇತ್ತು.